ಉಮ್ಮನ ಮರೆವು

ಉಮ್ಮನಿಗೆ ಅಲ್ಝೈಮರ್ಸ್ ಎಂದಾಗ ಬಂಧುಗಳು ಅದನ್ನು ವಯೋಸಹಜ ಮರೆವೆಂದೇ ವಾದಿಸಿದರು. ಅಲ್ಲ, ಅದು ಮೆದುಳಿನ ಕೋಶಗಳನ್ನು ಕ್ರಮೇಣ ನಾಶಪಡಿಸುವ ರೋಗ. ವೈದ್ಯರು ಏನನ್ನೂ ಮುಚ್ಚಿಡಲಿಲ್ಲ. ಡೊನೆಪೆಝಿಲ್ ಮಾತ್ರೆ ರೋಗವನ್ನು ಗುಣಪಡಿಸದು, ಕೆಲವರಲ್ಲಿ ಲಕ್ಷಣಗಳನ್ನು ಕೆಲಕಾಲ ಹಗುರಗೊಳಿಸೀತು. ವಾಕರಿಕೆ ಬರಬಹುದು, ಹಸಿವು ಕುಗ್ಗಬಹುದು, ನಾಡಿಬಡಿತ ನಿಧಾನವಾಗಬಹುದು. ಮೊದಲೇ ಕೃಶರಾದ ಉಮ್ಮನಿಗೆ ಇದು ಬೇಕೇ ಎಂದು ತಂಗಿ ಕೇಳಿದಳು. ಇಸಿಜಿ ನೋಡಿ 5 ಮಿಲಿಗ್ರಾಂನಿಂದ ಆರಂಭಿಸುವುದು, ತೂಕ ಗಮನಿಸುವುದು, ಪ್ರಯೋಜನ ಕಾಣದಿದ್ದರೆ ವೈದ್ಯರನ್ನು ಕೇಳಿಯೇ ನಿಲ್ಲಿಸುವುದು ಎಂದು ತೀರ್ಮಾನವಾಯಿತು.

ಮಗ್‌ರಿಬ್ ನಮಾಝನ್ನು ಉಮ್ಮ ಮೂರು ಬಾರಿ ನಿರ್ವಹಿಸುವುದುಂಟು. ಬುದ್ಧಿಯ ಸ್ಥಿಮಿತ ಕಳೆದವರ ಮೇಲೆ ಬಾಧ್ಯತೆಯಿಲ್ಲವೆಂದು ಮದ್ರಸದಲ್ಲಿ ನಾನೇ ಕಲಿಸುತ್ತೇನೆ. ಆದರೂ ಅವರನ್ನು ತಡೆಯುವುದಿಲ್ಲ. ಕಷ್ಟವಿರುವುದು ರಾತ್ರಿಯಲ್ಲಿ. ತವರಿಗೆ ಹೋಗಬೇಕೆಂದು ಬಾಗಿಲು ತೆರೆಯುತ್ತಾರೆ. ಮಾತೃಸೇವೆಯ ಪ್ರವಚನ ಮಾಡುವ ಗಂಡುಮಕ್ಕಳು ನಮ್ಮಲ್ಲಿ ಹೇರಳ, ಆ ಬಾಗಿಲು ಕಾಯುವವರು ವಿರಳ. ಈಗ ವಾರದಲ್ಲಿ ಮೂರು ರಾತ್ರಿ ನನ್ನ ಸರದಿ, ಉಳಿದವು ತಮ್ಮಂದಿರದು, ತಂಗಿ ನಿದ್ರಿಸುತ್ತಾಳೆ.