ಮಂಡಕ್ಕಿ ಗಾಡಿಯ ಮುಂದೊಂದು ಪಾಠ

ಸಂಜೆಯಾದರೆ ದಾವಣಗೆರೆಯವರಿಗೆ ಮಂಡಕ್ಕಿ, ಮಿರ್ಚಿಯ ನೆನಪಾಗಲೇಬೇಕು. ನಿಜಲಿಂಗಪ್ಪ ಬಡಾವಣೆಯ ತಂಗಿಯ ಮನೆಗೆ ಹೋಗಿದ್ದಾಗ ಸೋದರಳಿಯನೊಡನೆ ಗಾಡಿಯೊಂದರ ಮುಂದೆ ನಿಂತಿದ್ದೆ. ಅವನು ಮೆಲ್ಲಗೆ ಕೇಳಿದ: “ಮಾಮಾ, ಫೀಸಿನ ದುಡ್ಡಲ್ಲಿ ಸ್ವಲ್ಪ ಬಿಟ್‌ಕಾಯಿನ್ ತಗೊಳ್ಳಲಾ?”

ನಾನು ನೂರರ ನೋಟು ಚಾಚಿದೆ. ಗಾಡಿಯವರು ಮರುಮಾತಿಲ್ಲದೆ ತೆಗೆದುಕೊಂಡರು. ಆ ಕಾಗದದ ಹಿಂದೆ ರಿಸರ್ವ್ ಬ್ಯಾಂಕಿನ ವಚನವಿದೆ, ಕಾನೂನಿನ ಬಲವಿದೆ. 2009ರಲ್ಲಿ ಹುಟ್ಟಿದ ಬಿಟ್‌ಕಾಯಿನ್‌ಗೆ ಇವೆರಡೂ ಇಲ್ಲ. ಒಟ್ಟು 2.1 ಕೋಟಿ ನಾಣ್ಯಗಳನ್ನು ಮೀರುವಂತಿಲ್ಲವೆಂಬ ಕಟ್ಟಳೆ, ಪ್ರತಿ ವಹಿವಾಟನ್ನೂ ಸಾವಿರಾರು ಕಂಪ್ಯೂಟರುಗಳು ಬರೆದಿಡುವ ಏರ್ಪಾಡು, ಇಷ್ಟನ್ನು ನಂಬಿ ಜನ ಕೊಳ್ಳುತ್ತಾರೆ. ಕೊಳ್ಳುವವರು ಹೆಚ್ಚಿದರೆ ಬೆಲೆ ಏರುತ್ತದೆ, ಹಿಂಜರಿದರೆ ಕುಸಿಯುತ್ತದೆ.

“ಹಾಗಾದ್ರೆ ಅದು ಕಳ್ಳ ವ್ಯವಹಾರವಾ?”

ಹಾಗೇನಿಲ್ಲ. 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳು ಇದಕ್ಕೆ ನೆರವಾಗದಂತೆ ರಿಸರ್ವ್ ಬ್ಯಾಂಕು ತಡೆಯಿತು. ಅದೇ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಮಾಲ್‌ನಲ್ಲಿದ್ದ ಬಿಟ್‌ಕಾಯಿನ್ ಯಂತ್ರವನ್ನು ಪೊಲೀಸರು ವಶಪಡಿಸಿಕೊಂಡರು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆ ತಡೆಯನ್ನು ರದ್ದುಮಾಡಿತು. 2022ರಿಂದ ಲಾಭದ ಮೇಲೆ ಶೇ. 30 ತೆರಿಗೆ. ನಷ್ಟವಾದರೆ ಬೇರೆ ಆದಾಯದಲ್ಲಿ ಕಳೆದುಕೊಳ್ಳುವಂತಿಲ್ಲ. ಕೊಳ್ಳುವುದು ಅಪರಾಧವಲ್ಲ, ಆದರೆ ಅದು ನಮ್ಮ ದೇಶದ ಹಣವಲ್ಲ. 2022ರಲ್ಲಿ ರಿಸರ್ವ್ ಬ್ಯಾಂಕೇ ಹೊರತಂದ ಇ-ರೂಪಾಯಿಯಾದರೆ ನಿಜವಾದ ರೂಪಾಯಿಯೇ.

“ಕಳೆದುಹೋದರೂ ಚಿಂತೆಯಿಲ್ಲ ಅನ್ನುವ ದುಡ್ಡಿದ್ದರೆ ನೋಡು. ಫೀಸು ಅಂಥ ದುಡ್ಡೇನಪ್ಪಾ?” ಎಂದೆ.

ಅವನು ಮಾತಾಡದೆ ಮಿರ್ಚಿ ಕಚ್ಚಿದ. ಮರುದಿನ ಫೀಸು ಕಟ್ಟಿದ ರಸೀದಿಯನ್ನು ಅಮ್ಮನ ಕೈಗಿಟ್ಟ.