ಗೇಣಿ, ಗುತ್ತಿಗೆ, ಗಣಕ

ಕಾಂದಿವಲಿಯ ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ಅರ್ಥಶಾಸ್ತ್ರದ ಹಿರಿಯ ಪ್ರಶ್ನೆಯೊಂದು ದಿನವೂ ಇತ್ಯರ್ಥವಾಗುತ್ತಿರುತ್ತದೆ. ದೋಸೆಯ ಹಿಟ್ಟನ್ನು ಅಲ್ಲಿಯೇ ರುಬ್ಬುತ್ತಾರೆ. ಪಾವನ್ನು ಬೇಕರಿಯಿಂದ ತರಿಸುತ್ತಾರೆ. ಹಿಟ್ಟು ಹುಳಿಯಾಗುವ ಹದ ಆ ಮನೆಯ ಗುಟ್ಟು. ಪಾವು ಯಾವ ಬೇಕರಿಯದಾದರೂ ನಡೆದೀತು. ಯಾವುದನ್ನು ಒಳಗೆ ಮಾಡಬೇಕು, ಯಾವುದನ್ನು ಹೊರಗಿನಿಂದ ಕೊಳ್ಳಬೇಕು ಎಂಬ ಈ ವಿವೇಚನೆಯನ್ನೇ ರೊನಾಲ್ಡ್ ಕೋಸ್ 1937ರ ತಮ್ಮ ಪ್ರಬಂಧದಲ್ಲಿ ಕೈಗೆತ್ತಿಕೊಂಡರು. ಪೇಟೆಯಲ್ಲಿ ಎಲ್ಲವೂ ದೊರೆಯುವಾಗ ಸಂಸ್ಥೆ ಎಂಬುದಾದರೂ ಏಕಿರಬೇಕು? ಬೆಲೆ ಅರಸುವುದಕ್ಕೂ ಚೌಕಾಸಿಗೂ ಕರಾರಿಗೂ ವೆಚ್ಚವುಂಟು ಎಂಬುದು ಅವರ ಉತ್ತರ. ವ್ಯವಹಾರ ವೆಚ್ಚವೆಂಬ ಈ ಕಲ್ಪನೆಯನ್ನು ಆಲಿವರ್ ವಿಲಿಯಮ್ಸನ್ 1975 ಮತ್ತು 1985ರ ಗ್ರಂಥಗಳಲ್ಲಿ ಬೆಳೆಸಿದರು. ಒಬ್ಬ ಗಿರಾಕಿಗೆ ಮಾತ್ರ ಒದಗುವ ಯಂತ್ರವನ್ನೋ ಕೌಶಲವನ್ನೋ ಕಟ್ಟಿಕೊಂಡವನು ಆ ಗಿರಾಕಿಯ ಮುಷ್ಟಿಗೆ ಸಿಲುಕುತ್ತಾನೆ. ಎಷ್ಟೋ ವೇಳೆ ಗಿರಾಕಿಯೂ ಅವನ ಮುಷ್ಟಿಗೆ. ಇದನ್ನು ಅವರು ಸ್ವತ್ತಿನ ನಿರ್ದಿಷ್ಟತೆ ಎಂದರು.

1989ರಲ್ಲಿ ಕೊಡಾಕ್ ಸಂಸ್ಥೆ ತನ್ನ ಗಣಕ ಕೇಂದ್ರಗಳನ್ನು ಐಬಿಎಂಗೆ ಒಪ್ಪಿಸಿದ ಬಳಿಕ ಈ ಸಿದ್ಧಾಂತಕ್ಕೆ ಹೊಸ ಹೊಲ ಸಿಕ್ಕಿತು. ಲೋ ಮತ್ತು ವೆಂಕಟರಾಮನ್ 1992ರಲ್ಲಿ ‘ಕೊಡಾಕ್ ಪರಿಣಾಮ’ವನ್ನು ಕುರಿತು ಬರೆದರು. ಆಂಗ್ ಮತ್ತು ಸ್ಟ್ರಾಬ್ 1998ರಲ್ಲಿ ಅಮೆರಿಕದ ಬ್ಯಾಂಕುಗಳನ್ನು ಪರಿಶೀಲಿಸಿ, ಕೆಲಸವನ್ನು ಹೊರಗೆ ಕೊಡುವ ನಿರ್ಧಾರದಲ್ಲಿ ವ್ಯವಹಾರ ವೆಚ್ಚಕ್ಕಿಂತ ಉತ್ಪಾದನಾ ವೆಚ್ಚದ ಉಳಿತಾಯವೇ ಹೆಚ್ಚು ತೂಗಿತೆಂದು ಕಂಡರು. ಹೋಟೆಲಿನ ಯಜಮಾನರಿಗೆ ಇದರಲ್ಲಿ ಅಚ್ಚರಿ ಕಾಣದು.

ಆದರೆ ಈ ಅಧ್ಯಯನಗಳೆಲ್ಲ ನಿಂತಿರುವುದು ಕೆಲಸ ಕೊಡುವವನ ಬಾಗಿಲಲ್ಲಿ. ಕನ್ನಡದ ‘ಹೊರಗುತ್ತಿಗೆ’ ಎಂಬ ಶಬ್ದವೂ ಅಲ್ಲಿಂದಲೇ ನೋಡುತ್ತದೆ. ಹೊರಗು ಯಾರಿಗೆ? ಕಾಂದಿವಲಿಗಂತೂ ಅದು ಒಳಬಂದ ಕೆಲಸ. ಇಲ್ಲಿ ಟ್ರ್ಯಾಕ್ಟರು ತಯಾರಿಸುತ್ತ ಬಂದ ಮಹೀಂದ್ರಾ ಸಮೂಹವೇ 1986ರಲ್ಲಿ ಬ್ರಿಟಿಷ್ ಟೆಲಿಕಾಮಿನೊಡನೆ ಕೂಡಿ ತಂತ್ರಾಂಶ ಸಂಸ್ಥೆಯೊಂದನ್ನು ಸ್ಥಾಪಿಸಿತು. 2006ರಲ್ಲಿ ಅದು ಟೆಕ್ ಮಹೀಂದ್ರಾ ಆಯಿತು. ಯಾವ ಬಿಡಿಭಾಗವನ್ನು ಹೊರಗಿನಿಂದ ಕೊಳ್ಳಬೇಕೆಂದು ಲೆಕ್ಕಹಾಕುವವರು ಇನ್ನೊಂದು ಉದ್ಯಮದಲ್ಲಿ ಪರರ ಲೆಕ್ಕದ ‘ಹೊರಗು’ ಆದರು.

ಪಡೆಯುವವನ ಕಡೆಯಿಂದ ನೋಡಲು ಮುಂಬಯಿ ಕನ್ನಡಿಗರಿಗೆ ಬೇರೆ ಶಾಸ್ತ್ರ ಬೇಕಿಲ್ಲ. ಅವರಲ್ಲಿ ಅನೇಕರ ಹಿರಿಯರು ದಕ್ಷಿಣ ಕನ್ನಡದ ಗೇಣಿದಾರರು. ಮೂಲಗೇಣಿ ಶಾಶ್ವತ, ನಿಗದಿಯಾದ ಗೇಣಿ ಸಲ್ಲಿಸಿದರೆ ಭೂಮಿ ಮಕ್ಕಳಿಗೂ ನಡೆಯುತ್ತಿತ್ತು. ಚಾಲಗೇಣಿ ಧಣಿಯ ಮರ್ಜಿಯದು. ಫಲಕ್ಕೆ ವರ್ಷಗಟ್ಟಲೆ ಕಾಯಿಸುವ ತೆಂಗನ್ನೋ ಕಂಗನ್ನೋ ನೆಡುವ ಧೈರ್ಯ ಮೂಲಗೇಣಿದಾರನಿಗಿತ್ತು. ಚಾಲಗೇಣಿಯವನು ಮುಂದಿನ ಬೆಳೆಯಾಚೆ ನೋಡಲು ಹಿಂಜರಿದರೆ ಅದು ಸೋಮಾರಿತನವಲ್ಲ. ನೆಟ್ಟ ಮರವನ್ನು ಹೊತ್ತುಕೊಂಡು ಹೋಗಲಾಗದು. ವಿಲಿಯಮ್ಸನ್ ಹೇಳಿದ ನಿರ್ದಿಷ್ಟತೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಅವರ ಗ್ರಂಥಗಳಲ್ಲಿಯೂ ವಿರಳ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಉಳುವವನಿಗೆ ಒಡೆತನ ಕೊಟ್ಟ ಮೇಲೆ ಗೇಣಿಯ ಪ್ರಶ್ನೆ ಅಲ್ಲಿ ಬಹುಮಟ್ಟಿಗೆ ಮುಗಿಯಿತು. ಗಣಕದ ಮುಂದೆ ಅದು ಬೇರೊಂದು ರೂಪದಲ್ಲಿ ಎದುರಾಯಿತು.

1990ರ ದಶಕದ ಕೊನೆಯ ವರ್ಷಗಳನ್ನು ನೆನೆಯಬಹುದು. ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದ ಹಳೆಯ ಕೋಬಾಲ್ ಕ್ರಮವಿಧಿಗಳು 2000ಕ್ಕೆ ಮುನ್ನ ತಿದ್ದಲ್ಪಡಬೇಕಿತ್ತು. ಆ ಕೆಲಸದ ದೊಡ್ಡ ಪಾಲು ಭಾರತಕ್ಕೆ ಬಂದಿತು. ಅಂಧೇರಿಯ ಸೀಪ್ಜ್‌ನಂಥ ಕಡೆಗಳಲ್ಲಿ ದುಡಿಯಲು ಉಪನಗರಗಳಿಂದ ಹೊರಟ ತರುಣನೊಬ್ಬ ಯಾವುದೋ ವಿದೇಶಿ ಬ್ಯಾಂಕಿನ ಕಡತಗಳ ಒಳಹೊರಗನ್ನೆಲ್ಲ, ಆ ಬ್ಯಾಂಕಿನವರೇ ಮರೆತದ್ದನ್ನೂ ಸೇರಿಸಿ, ಕಲಿತಿರುತ್ತಿದ್ದ. ಕರಾರು ಮುಗಿದ ದಿನ ಆ ತಿಳಿವಳಿಕೆಗೆ ಬೇರೆ ಗಿರಾಕಿ ಇರಲಿಲ್ಲ. ಚಾಲಗೇಣಿಯವನು ತೆಂಗು ನೆಡದೆ ಉಳಿಯಬಹುದಿತ್ತು. ಇವನಿಗೆ ಆ ದಾರಿಯೂ ಇಲ್ಲ, ಕಲಿಯದೆ ಕೆಲಸವೇ ಸಾಗದು. ಉತ್ಪಾದನಾ ವೆಚ್ಚದ ಉಳಿತಾಯವೆಂದು ಆ ಅಧ್ಯಯನಗಳು ಎಣಿಸುವುದರಲ್ಲಿ ಇಂಥವನ ಸಂಬಳ ಅಡಗಿರುತ್ತದೆ. ಅವನು ಸವೆಸಿದ ವರ್ಷಗಳಿಗೆ ಪ್ರತ್ಯೇಕ ಅಂಕಣವಿಲ್ಲ.

ಕಾಂದಿವಲಿಯಲ್ಲಿ ಕುಳಿತು ಬರೆಯುವ ಮಹಾಪ್ರಬಂಧವೊಂದು ತನ್ನ ಪ್ರಶ್ನಾವಳಿಯನ್ನು ಗಿರಾಕಿಯ ಕಚೇರಿಗಷ್ಟೇ ಕಳಿಸದೆ, ರಾತ್ರಿಯ ಬೊರಿವಲಿ ಗಾಡಿಯಿಂದ ಇಳಿಯುವವರ ಕೈಗೂ ಕೊಟ್ಟೀತು. ಮೊದಲ ಪ್ರಶ್ನೆ ಹೀಗಿರಬಹುದು: ಅಲ್ಲಿ ಕಲಿತದ್ದರಲ್ಲಿ ಎಷ್ಟು ನಿಮ್ಮ ಜೊತೆಗೆ ಬಂತು?