ಎಡಕ್ಕೆ ತಿರುಗಲು ಕಲಿತ ಕುದುರೆ

ಕುದುರೆ ನಮಗ್ಯಾರಿಗೂ ಹೊಸದಲ್ಲ. ಮದುವೆ ಮೆರವಣಿಗೆಯಲ್ಲಿ ನೋಡಿರುತ್ತೇವೆ. ಮೈಸೂರು ದಸರಾದಲ್ಲಿ ಪೊಲೀಸರ ಕುದುರೆಗಳನ್ನು ನೋಡಿರುತ್ತೇವೆ. ಕುಣಿಗಲ್ ಕಡೆಯವರಿಗಂತೂ ಅಲ್ಲಿನ ಕುದುರೆ ಫಾರಂ ಗೊತ್ತೇ ಇದೆ. ಆದರೆ ಕುದುರೆಗೆ ಸರಿಯಾಗಿ ನಡೆಯಲು ಕಲಿಸುವ ಪಾಠ ಅಂತ ಒಂದಿದೆ, ಅದಕ್ಕೆ ಒಲಿಂಪಿಕ್ಸ್‌ನಲ್ಲಿ ಪದಕವೂ ಇದೆ ಅಂದಾಗ ನಮ್ಮಲ್ಲೊಬ್ಬರ ಅಜ್ಜಿ ನಕ್ಕುಬಿಟ್ಟರು. "ನಡೆಯೋದನ್ನ ಅದಕ್ಕೆ ಯಾರು ಕಲಿಸ್ಬೇಕು? ಮರಿ ಹುಟ್ಟಿದ ದಿನವೇ ಎದ್ದು ನಿಲ್ಲುತ್ತಲ್ಲ!"

ಅಜ್ಜಿಯ ಮಾತು ನಿಜ. ತನ್ನ ಪಾಡಿಗೆ ನಡೆಯಲು ಕುದುರೆಗೆ ಯಾರೂ ಕಲಿಸಬೇಕಿಲ್ಲ. ಬೆನ್ನ ಮೇಲೆ ಮನುಷ್ಯನನ್ನು ಕೂರಿಸಿಕೊಂಡು, ಬೆನ್ನು ನೋಯಿಸಿಕೊಳ್ಳದೆ, ಗಾಬರಿಯಾಗದೆ, ಎರಡೂ ಕಡೆಗೆ ಒಂದೇ ಸಮನಾಗಿ ತಿರುಗುತ್ತಾ ನಡೆಯುವುದನ್ನು ಮಾತ್ರ ಕಲಿಸಬೇಕು. ಆ ಕಲಿಕೆಗೆ ಡ್ರೆಸಾಜ್ ಅನ್ನುತ್ತಾರೆ. ಫ್ರೆಂಚ್ ಭಾಷೆಯ ಪದ, ಅರ್ಥ ತರಬೇತಿ ಅಂತ ಅಷ್ಟೇ. ಬೇಲಿ ಹಾರಿಸುವುದಿಲ್ಲ, ರೇಸ್ ಓಡಿಸುವುದಿಲ್ಲ. ಸಮತಟ್ಟು ನೆಲದ ಮೇಲೆ ನಡಿಗೆ, ಟ್ರಾಟ್, ಕ್ಯಾಂಟರ್, ತಿರುವು, ನಿಲ್ಲುವುದು. 2023ರ ಸೆಪ್ಟೆಂಬರ್ 26ರಂದು ಚೀನಾದ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ ಮತ್ತು ಅನುಷ್ ಅಗರ್‌ವಾಲಾ ಇದೇ ಡ್ರೆಸಾಜ್‌ನಲ್ಲಿ ಭಾರತಕ್ಕೆ ತಂಡದ ಚಿನ್ನ ತಂದರು. ಕುದುರೆ ಸವಾರಿಯಲ್ಲಿ ನಮ್ಮ ದೇಶಕ್ಕೆ 41 ವರ್ಷಗಳ ನಂತರ ಬಂದ ಚಿನ್ನ ಅದು.

ನಾವು ಮೂವರು. ಒಟ್ಟಿಗೆ ಪತ್ರಿಕೋದ್ಯಮ ಓದಿದವರು, ಹಳ್ಳಿಗಳಿಂದ ಬಂದವರು, ಈಗ ಬೆಂಗಳೂರಿನಲ್ಲಿ ಕೆಲಸ. ನಗರದ ಹೊರಗಿನ ಒಂದು ಸಣ್ಣ ಲಾಯಕ್ಕೆ, ರೇಸ್ ಬಿಟ್ಟ ಕುದುರೆಗಳು ಮುಂದೆ ಏನಾಗುತ್ತವೆ ಅಂತ ವರದಿ ಮಾಡಲು ಹೋಗಿದ್ದೆವು. ವರದಿ ಮುಗಿಯಿತು, ಲಾಯಕ್ಕೆ ಹೋಗುವುದು ಮುಗಿಯಲಿಲ್ಲ. ಕಾರಣ ಕಸ್ತೂರಿ.

ಕಸ್ತೂರಿ ಏಳು ವರ್ಷದ ಹೆಣ್ಣು ಕುದುರೆ. ಕಡುಗಂದು ಬಣ್ಣ, ಹಣೆಯಲ್ಲಿ ರೂಪಾಯಿ ಅಗಲದ ಬಿಳಿ ಚುಕ್ಕೆ. ರೇಸ್ ಕುದುರೆಗಳು ಎರಡು ವರ್ಷಕ್ಕೇ ಓಡಲು ಶುರುಮಾಡುತ್ತವೆ, ನಮ್ಮೂರಿನ ಕರು ನೊಗ ಕಾಣುವ ಮೊದಲೇ. ಆರೇಳು ವರ್ಷಕ್ಕೆ ಹೆಚ್ಚಿನವುಗಳ ಓಟ ಮುಗಿದಿರುತ್ತದೆ. ಆದರೆ ಕುದುರೆ 25 ವರ್ಷ ಬದುಕಬಲ್ಲ ಪ್ರಾಣಿ. ಉಳಿದ ವರ್ಷಗಳಿಗೆ ಅದಕ್ಕೊಂದು ಕೆಲಸ ಬೇಕು. ಕೆಲಸವಿಲ್ಲದ ಕುದುರೆಗೆ ಹುಲ್ಲು, ಬೂಸಾ, ಲಾಳ, ಡಾಕ್ಟರ ಖರ್ಚು ಎಷ್ಟು ದಿನ ಅಂತ ಹಾಕುತ್ತಾರೆ?

ಲಾಯದ ಮಾಲೀಕರು ನೇರವಾಗಿ ಹೇಳಿದ್ದರು. ಸವಾರಿ ಕಲಿಯಲು ಬರುವ ಮಕ್ಕಳನ್ನು ಕಸ್ತೂರಿ ಹೊರುವಂತಾದರೆ ಇಲ್ಲೇ ಇರುತ್ತದೆ. ಆಗದಿದ್ದರೆ ಮೆರವಣಿಗೆಗೆ ಕುದುರೆ ಕೇಳುತ್ತಿರುವವರೊಬ್ಬರಿದ್ದಾರೆ, ಅವರಿಗೆ ಕೊಡುತ್ತಾರೆ. ಮೆರವಣಿಗೆ ಕುದುರೆಗಳನ್ನು ಮಗುವಿನಂತೆ ನೋಡಿಕೊಳ್ಳುವವರೂ ಇದ್ದಾರೆ, ನಿಜ. ಆದರೆ ಬಾಗಿಲು ಬಡಿದ ಸದ್ದಿಗೇ ನೆಗೆಯುವ ಕಸ್ತೂರಿ, ರಾತ್ರಿ ಹೊತ್ತು ಡಾಂಬರು ರಸ್ತೆಯಲ್ಲಿ ಬ್ಯಾಂಡ್ ಮತ್ತು ಪಟಾಕಿಯ ನಡುವೆ ಹೇಗಿರುತ್ತದೆ? ಅದಕ್ಕೂ ಅಪಾಯ, ಮೇಲೆ ಕೂತ ಮದುಮಗನಿಗೂ ಅಪಾಯ.

"ಆರು ತಿಂಗಳು ನೋಡೋಣ" ಅಂದರು ಮಾಲೀಕರು. ಪಾಠದ ಫೀಸನ್ನು ನಾವು ಮೂವರೂ ಹಂಚಿಕೊಂಡೆವು. ವಾರಕ್ಕೊಂದು ಪಾಠ, 45 ನಿಮಿಷ. ಪಾಠ ಹೇಳುವ ಮೇಡಂ ಶನಿವಾರ ಬೆಳಿಗ್ಗೆ ಬರುತ್ತಿದ್ದರು. ವಾರದ ಮಧ್ಯೆ ನಾಲ್ಕು ದಿನ ಸರದಿಯಂತೆ ನಮ್ಮಲ್ಲೊಬ್ಬರು ಮುಂಜಾನೆ ಹೋಗಿ ಅದೇ ಪಾಠವನ್ನು ಅರ್ಧ ಗಂಟೆ ಮಾಡಿಸಬೇಕು. ಸವಾರಿ ಮೂವರಿಗೂ ಅಷ್ಟಿಷ್ಟು ಬರುತ್ತಿತ್ತು. ಕುದುರೆಗೆ ಕಲಿಸುವುದು ಬೇರೆಯೇ ವಿದ್ಯೆ.

ಮೊದಲ ಪಾಠದಲ್ಲಿ ಯಾರೂ ಕುದುರೆ ಹತ್ತಲಿಲ್ಲ. ಮೇಡಂ ಕಸ್ತೂರಿಯ ಬಾಯಿ, ಬೆನ್ನು, ಗೊರಸು ನೋಡಿದರು. ಕುದುರೆಯ ದವಡೆ ಹಲ್ಲುಗಳು ಸವೆಯುತ್ತಾ ಬಂದಂತೆ ಅಂಚು ಚೂಪಾಗಿ ಕೆನ್ನೆಗೆ ಚುಚ್ಚುತ್ತವೆ. ಬಾಯಲ್ಲಿ ಕಡಿವಾಣ ಇರುವಾಗ ಆ ನೋವು ಹೆಚ್ಚು. ಡಾಕ್ಟರನ್ನು ಕರೆಸಿ ಅಂಚು ಉಜ್ಜಿಸಿದೆವು. ಹಳೆಯ ಜೀನು ಹೆಗಲ ಹಿಂದೆ ಒತ್ತುತ್ತಿತ್ತು, ಬೇರೆ ಜೀನು ಹೊಂದಿಸಿದೆವು. "ನೋವಿರೋ ಪ್ರಾಣಿಗೆ ಪಾಠ ಹೇಳಬಾರದು. ಮೊದಲು ನೋವು ತೆಗೀಬೇಕು, ಆಮೇಲೆ ಮೊಂಡುತನದ ಮಾತು" ಎಂದರು ಮೇಡಂ. ಎತ್ತಿನ ಹೆಗಲು ಹುಣ್ಣಾಗಿದ್ದರೆ ನೊಗ ಹೂಡಬಾರದು ಎಂದು ನಮ್ಮ ಅಪ್ಪಂದಿರು ಹೇಳುವುದೂ ಇದನ್ನೇ ಅಲ್ಲವೇ?

ನೋವು ಕಳೆದ ಮೇಲೂ ಒಂದು ತೊಂದರೆ ಹಾಗೇ ಉಳಿಯಿತು. ಕಸ್ತೂರಿ ಎಡಕ್ಕೆ ತಿರುಗುತ್ತಿರಲಿಲ್ಲ. ಬಲಕ್ಕೆ ಚೆನ್ನಾಗಿ ತಿರುಗುತ್ತಿತ್ತು. ಎಡಕ್ಕೆ ಕೇಳಿದರೆ ಕತ್ತನ್ನು ಬಲಕ್ಕೇ ಇಟ್ಟುಕೊಂಡು, ಎಡ ಭುಜದ ಮೇಲೆ ವಾಲಿ, ಓಡಲು ನೋಡುತ್ತಿತ್ತು. ಲಗಾಮು ಎಳೆದರೆ ಇನ್ನೂ ಜೋರು. ರೇಸಿನಲ್ಲಿ ಲಗಾಮು ಬಿಗಿಯಾದರೆ ಅದಕ್ಕೆ ಆತುಕೊಂಡು ಓಡುವುದೇ ಅಭ್ಯಾಸ. ಅದು ಕಲಿತದ್ದನ್ನೇ ಅದು ಮಾಡುತ್ತಿತ್ತು.

ಎಡಗಡೆ ಹೂಡಿ ಪಳಗಿಸಿದ ಎತ್ತನ್ನು ಬಲಗಡೆ ಹೂಡಿ ನೋಡಿ, ಸಾಲು ಹೇಗೆ ಹೋಗುತ್ತದೆ ಅಂತ. ಕುದುರೆಗಳಿಗೂ ಹಾಗೆಯೇ ಒಂದು ಬದಿ ಸಲೀಸು, ಒಂದು ಬದಿ ಕಷ್ಟ. ನಮ್ಮಲ್ಲಿ ಬಲಗೈಯವರು, ಎಡಗೈಯವರು ಇರುವಂತೆ. ಜೊತೆಗೆ ನಿಂತ ಕುದುರೆಯ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲುಗಳ ಮೇಲೇ ಇರುತ್ತದೆ. ಅದರ ಮೇಲೆ ಮನುಷ್ಯ ಕೂತರೆ ಮುಂಗಾಲಿಗೆ ಇನ್ನೂ ಹೊರೆ. ಹಿಂಗಾಲುಗಳನ್ನು ಹೊಟ್ಟೆಯ ಕೆಳಗೆ ತಂದು, ಅವುಗಳಿಂದಲೂ ಭಾರ ಹೊರಿಸಿ, ಎರಡೂ ಬದಿಯನ್ನು ಸಮ ಮಾಡುವುದೇ ಈ ಪಾಠಗಳ ತಿರುಳು. ಅದು ಮೈಕಟ್ಟಿನ ಕೆಲಸ. ಒಂದು ದಿನದಲ್ಲಿ ಆಗುವುದಿಲ್ಲ.

ಎರಡನೇ ವಾರ ಮೇಡಂ ನಮ್ಮ ಕೈಗೆ ಗೂಟ, 10 ಮೀಟರ್ ಹಗ್ಗ, ಸುಣ್ಣದ ಪುಡಿ ಕೊಟ್ಟರು. ಕಬಡ್ಡಿ ಅಂಕಣಕ್ಕೆ ಗೆರೆ ಹಾಕುವಂತೆ 20 ಮೀಟರ್ ಅಗಲದ ಒಂದು ದುಂಡು ಗೆರೆ ಹಾಕಿದೆವು. ನಾಲ್ಕು ಕಡೆ ನಾಲ್ಕು ಇಟ್ಟಿಗೆ. ಡ್ರೆಸಾಜ್ ಅಂಕಣ ಚಿಕ್ಕದಾದರೆ 20ಕ್ಕೆ 40 ಮೀಟರ್, ದೊಡ್ಡದಾದರೆ 20ಕ್ಕೆ 60 ಮೀಟರ್. ನಮಗೆ ಆ ದುಂಡು ಗೆರೆಯೇ ಎರಡು ತಿಂಗಳ ಶಾಲೆಯಾಯಿತು.

ಪಾಠ ಹೇಳಲು ಸುಲಭ. ಎಡಕ್ಕೆ ಸುತ್ತುವಾಗ ಎಡ ಲಗಾಮನ್ನು ಎಳೆಯಬಾರದು. ಎಡಗಾಲಿನಿಂದ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಕೇಳಬೇಕು. ಬಲ ಲಗಾಮು ಗೋಡೆಯಂತೆ ಅಲುಗದೆ ಇರಬೇಕು. ಕುದುರೆ ಒಂದು ಹೆಜ್ಜೆ ಸರಿಯಾಗಿ ಬಾಗಿದ ಕೂಡಲೇ ಒತ್ತುವುದನ್ನು ಬಿಡಬೇಕು. ಆ ಬಿಡುವುದೇ ಅದಕ್ಕೆ ಶಹಬ್ಬಾಸ್. "ಕೇಳಿ, ಉತ್ತರ ಬಂತಾ, ಸುಮ್ಮನಾಗಿ. ಉತ್ತರ ಬಂದ ಮೇಲೂ ಕೇಳ್ತಾ ಇದ್ರೆ ಯಾರಿಗಾದರೂ ಸಿಟ್ಟು ಬರುತ್ತೆ" ಎನ್ನುತ್ತಿದ್ದರು ಮೇಡಂ.

ಮೊದಲ ತಿಂಗಳು ಬರೀ ನಡಿಗೆ. ನಡೆ, ನಿಲ್ಲು, ನಡೆ. ನಡಿಗೆಯಲ್ಲಿ ನಾಲ್ಕು ಗೊರಸಿನ ಸದ್ದು ಬೇರೆ ಬೇರೆ ಕೇಳಬೇಕು. ಎರಡನೇ ತಿಂಗಳು ಟ್ರಾಟ್. ಅದರಲ್ಲಿ ಎದುರು ಬದಿಯ ಕಾಲುಗಳು ಜೋಡಿಯಾಗಿ ಬೀಳುತ್ತವೆ, ಎರಡೇ ಸದ್ದು, ಒಂದು ಎರಡು, ಒಂದು ಎರಡು. ಓಟ ಜಾಸ್ತಿಯಾದರೆ ಲಯ ತಪ್ಪುತ್ತದೆ. ಲಯ ತಪ್ಪಿತು ಅನ್ನಿಸಿದ ಕೂಡಲೇ ಮತ್ತೆ ನಡಿಗೆಗೆ ಇಳಿಯುವುದು. ಹತ್ತು ಹೆಜ್ಜೆ ಟ್ರಾಟ್, ಹತ್ತು ಹೆಜ್ಜೆ ನಡಿಗೆ. ನೋಡುವವರಿಗೆ ಬೇಜಾರು. ಪಕ್ಕದ ತೋಟದವರು ಬೇಲಿ ಹತ್ತಿರ ನಿಂತು "ಯಾವಾಗ ಓಡಿಸ್ತೀರಾ?" ಎಂದು ಕೇಳಿ ಕೇಳಿ ಸಾಕಾಗಿ ಹೋದರು.

ಕಸ್ತೂರಿಯನ್ನು ನೋಡಿಕೊಳ್ಳುವವರು ಒಬ್ಬ ಹಿರಿಯರು. ಲಾಯದಲ್ಲಿ ಎಲ್ಲರಿಗೂ ಅವರು ಚಾಚಾ. ಅವರು ಪಾಠದ ಮಾತು ಆಡುವುದಿಲ್ಲ, ಕಿವಿ ನೋಡುತ್ತಾರೆ. "ಕಿವಿ ನಿಮ್ಮ ಕಡೆ ತಿರುಗಿದ್ರೆ ಕೇಳ್ತಾ ಇದೆ. ಹಿಂದಕ್ಕೆ ಅಂಟಿಕೊಂಡ್ರೆ ಸಾಕು ಅಂತಿದೆ. ಆವಾಗ ಇಳೀರಿ ಬೇಟಾ" ಎಂದು ಹೇಳಿಕೊಟ್ಟರು. ನಾವು ಗಡಿಯಾರ ನೋಡುವ ಬದಲು ಕಿವಿ ನೋಡತೊಡಗಿದೆವು. ಕೆಲವು ದಿನ ಹತ್ತೇ ನಿಮಿಷಕ್ಕೆ ಇಳಿದದ್ದುಂಟು.

ಮಳೆಗಾಲ ಬಂದಾಗ ಅಂಕಣ ಕೆಸರಾಯಿತು. ಜಾರುವ ನೆಲದ ಮೇಲೆ ಟ್ರಾಟ್ ಮಾಡಿಸಿದರೆ ಕಾಲಿನ ನರ ಹೋಗುತ್ತದೆ. ಪಾಠ ನಿಲ್ಲಿಸಬೇಕೇ ಎಂದು ಕೇಳಿದೆವು. ಮೇಡಂ ಬೇಡ ಅಂದರು. ಲಾಯದ ಮುಂದಿನ ಗಟ್ಟಿ ದಾರಿಯಲ್ಲಿ ಬರೀ ನಡಿಗೆಯಲ್ಲೇ ಪಕ್ಕಕ್ಕೆ ಹೆಜ್ಜೆ ಹಾಕುವುದನ್ನು ಹೇಳಿಕೊಟ್ಟರು. ಮುಂದೆ ಹೋಗುತ್ತಲೇ ಒಂದು ಕಾಲನ್ನು ಇನ್ನೊಂದರ ಮುಂದೆ ಅಡ್ಡ ಹಾಕಿ, ದಾರಿಯ ಈ ಅಂಚಿನಿಂದ ಆ ಅಂಚಿಗೆ ಸರಿಯುವುದು. ಆರು ವಾರ ಇದೇ. ಮಳೆ ಬಿಟ್ಟ ಮೇಲೆ ಸುಣ್ಣದ ಗೆರೆಗೆ ಮರಳಿದಾಗ ಎಡಗಡೆಯ ಬಿಗಿತ ಅರ್ಧಕ್ಕರ್ಧ ಸಡಿಲವಾಗಿತ್ತು. ವಾರ ತಪ್ಪದೆ ಮಾಡಿದ ಚಿಕ್ಕ ಕೆಲಸ, ಅಪರೂಪಕ್ಕೆ ಮಾಡಿದ ದೊಡ್ಡ ಕೆಲಸಕ್ಕಿಂತ ಹೆಚ್ಚು ದೂರ ಒಯ್ಯುತ್ತದೆ ಎನ್ನುವುದನ್ನು ನಾವು ಆ ಮಳೆಗಾಲದಲ್ಲಿ ಕಣ್ಣಾರೆ ಕಂಡೆವು.

ಇದೆಲ್ಲ ತೋಳ್ಬಲದ ಕೆಲಸ ಅಂದುಕೊಳ್ಳುವವರಿಗೆ ಮೇಡಂ ಲಿಸ್ ಹಾರ್ಟೆಲ್ ಕಥೆ ಹೇಳುತ್ತಾರೆ. ಡೆನ್ಮಾರ್ಕ್‌ನ ಆ ಹೆಣ್ಣುಮಗಳಿಗೆ ಪೋಲಿಯೊ ಆಗಿ ಮೊಣಕಾಲಿನ ಕೆಳಗೆ ಸ್ವಾಧೀನವಿರಲಿಲ್ಲ. ಕುದುರೆ ಹತ್ತಲು, ಇಳಿಯಲು ಬೇರೆಯವರು ಹಿಡಿಯಬೇಕಿತ್ತು. ಒಲಿಂಪಿಕ್ ಡ್ರೆಸಾಜ್‌ನಲ್ಲಿ ಮಹಿಳೆಯರಿಗೆ ಮೊದಲ ಬಾರಿ ಅವಕಾಶ ಸಿಕ್ಕಿದ್ದು 1952ರಲ್ಲಿ, ಹೆಲ್ಸಿಂಕಿಯಲ್ಲಿ. ಅಲ್ಲಿ ಗಂಡಸರ ಜೊತೆಗೇ ಸ್ಪರ್ಧಿಸಿ ಹಾರ್ಟೆಲ್ ಬೆಳ್ಳಿ ಗೆದ್ದರು. ಕಾಲಿನಲ್ಲಿ ಒತ್ತುವ ಶಕ್ತಿ ಇಲ್ಲದವರ ಮಾತನ್ನು ಕುದುರೆ ಕೇಳಿತು. ಇನ್ನು ಚಾಟಿ, ಎಳೆದಾಟ ಯಾಕೆ ಬೇಕು?

ಆರು ತಿಂಗಳು ತುಂಬಿದ ವಾರ ಲಾಯದಲ್ಲೇ ಒಂದು ಪರೀಕ್ಷೆ ಇಟ್ಟರು. ನಿಜವಾದ ಸ್ಪರ್ಧೆಯಲ್ಲಿ ಮಾಡುವಂತೆಯೇ ಪ್ರತಿ ಚಲನೆಗೆ ಸೊನ್ನೆಯಿಂದ 10ರ ತನಕ ಅಂಕ. ಒಳಗೆ ಬಂದು ನಿಲ್ಲುವುದು, ಬಲಕ್ಕೆ ಸುತ್ತು, ಎಡಕ್ಕೆ ಸುತ್ತು, ಲಗಾಮು ಉದ್ದ ಬಿಟ್ಟು ನಡೆಸುವುದು, ಮತ್ತೆ ನಿಲ್ಲುವುದು. ಕಸ್ತೂರಿಗೆ ಹೆಚ್ಚಾಗಿ 5, 6 ಬಂತು. ನಿಲ್ಲುವಾಗ ಬಾಲ ಬೀಸಿ ಒಂದು ಹೆಜ್ಜೆ ಹಿಂದಕ್ಕೆ ಹೋದದ್ದಕ್ಕೆ 4. ಎಡಗಡೆ ಸುತ್ತಿಗೆ 6. ಲಗಾಮು ಬಿಟ್ಟ ನಡಿಗೆಗೆ 7. ಕತ್ತು ಕೆಳಗೆ ಚಾಚಿ, ಮೂಗಿನಿಂದ ಫುರ್ರ್ ಅಂತ ಉಸಿರು ಬಿಟ್ಟು, ಹೊಲದಿಂದ ಮನೆಗೆ ಹೊರಟ ಎತ್ತಿನಂತೆ ನಿರಾಳವಾಗಿ ನಡೆಯಿತು. ಚಾಚಾ ಏನೂ ಮಾತಾಡಲಿಲ್ಲ. ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡರು.

ಮಾಲೀಕರು ಅಂಕದ ಕಾಗದ ನೋಡಲಿಲ್ಲ. ತಮ್ಮ ಮಗಳನ್ನೇ ಕರೆದು ಕಸ್ತೂರಿಯ ಮೇಲೆ ಕೂರಿಸಿದರು. ಚಾಚಾ ಹಗ್ಗ ಹಿಡಿದು ಎಡಕ್ಕೆ ಮೂರು ಸುತ್ತು, ಬಲಕ್ಕೆ ಮೂರು ಸುತ್ತು ಹಾಕಿಸಿದರು. ಆಮೇಲೆ ಮಾಲೀಕರು ಫೋನ್ ತೆಗೆದು ಮೆರವಣಿಗೆಯವರಿಗೆ ಬೇರೆ ಕುದುರೆ ನೋಡಿಕೊಳ್ಳಿ ಅಂತ ಹೇಳಿದರು.

ಈಗ ಭಾನುವಾರ ಬೆಳಿಗ್ಗೆ ಕಸ್ತೂರಿ ನಾಲ್ಕು ಮಕ್ಕಳಿಗೆ ನಡಿಗೆಯ ಪಾಠ ಹೊರುತ್ತದೆ. ಶನಿವಾರದ ಪಾಠವನ್ನು ನಾವು ಬಿಟ್ಟಿಲ್ಲ. ಬಿಟ್ಟರೆ ಮೈ ಮತ್ತೆ ಹಳೆಯ ಬದಿಗೆ ವಾಲುತ್ತದೆ. ದೊಡ್ಡ ಸವಾರರೂ ಇದನ್ನು ಬಿಡುವುದಿಲ್ಲ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ನ ಈವೆಂಟಿಂಗ್‌ನಲ್ಲಿ 23ನೇ ಸ್ಥಾನ ಪಡೆದರು. ಬೇಲಿ, ಹಳ್ಳ ಹಾರುವ ಆ ಸ್ಪರ್ಧೆಯಲ್ಲೂ ಮೊದಲ ಪರೀಕ್ಷೆ ಡ್ರೆಸಾಜೇ. ಹಾರುವ ಕುದುರೆಗೂ ಮೊದಲು ಸಮತಟ್ಟು ನೆಲದ ಪಾಠ ಬರಬೇಕು.

ಕಸ್ತೂರಿಗೆ ಇನ್ನೂ ಎಡಕ್ಕೆ ಕ್ಯಾಂಟರ್ ಬರುವುದಿಲ್ಲ. ಮೂರು ಸದ್ದಿನ ಆ ಓಟದಲ್ಲಿ ಎಡ ಮುಂಗಾಲು ಮುಂದಿರಬೇಕು, ಅದು ಬಲಗಾಲನ್ನೇ ಹಾಕುತ್ತದೆ. ಕಳೆದ ಶನಿವಾರ ಐದು ಸಲ ಕೇಳಿದೆವು, ಒಂದು ಸಲ ಸರಿಯಾಗಿ ಎತ್ತಿತು. ಮೇಡಂ ತಕ್ಷಣ "ಇವತ್ತಿಗೆ ಇಷ್ಟೇ, ಇಳೀರಿ" ಅಂದರು. ಜೀನು ಬಿಚ್ಚಿ, ಬೆನ್ನು ಉಜ್ಜಿ, ಒಂದು ಹಿಡಿ ಕುದುರೆ ಮೆಂತೆ ಕೊಟ್ಟೆವು.